ಜಂತುಹುಳುವಿನ ಮಾತ್ರೆ: ನುಂಗುವ ಮುನ್ನ, ನುಂಗಿದ ಮೇಲೆ

"ಜಂತುಹುಳುವಿಗೆ ಯಾವ ಮಾತ್ರೆ ಒಳ್ಳೆಯದು?" "ಮಗುವಿಗೆ ಒಂದು ಕೊಟ್ಟೆ, ಎರಡು ವಾರಕ್ಕೆ ಮತ್ತೆ ಕೆರೆತ ಶುರುವಾಯಿತು, ಇನ್ನೊಂದು ಕೊಡಲೇ?" "ಖಾಲಿ ಹೊಟ್ಟೆಯಲ್ಲೇ ನುಂಗಬೇಕಾ?" ಓದುಗರಿಂದ ಈ ಮೂರು ಪ್ರಶ್ನೆಗಳು ಎಷ್ಟು ಸಲ ಬಂದಿವೆಯೋ ಲೆಕ್ಕವಿಟ್ಟಿಲ್ಲ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಇಡುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಮಾತ್ರೆಗಳು ಸಾಮಾನ್ಯವಾಗಿ ಬಹಳ ಸುರಕ್ಷಿತ. ಲೋಕದಲ್ಲಿ ಸುಮಾರು 150 ಕೋಟಿ ಜನರ ಕರುಳಲ್ಲಿ ಮಣ್ಣಿನ ಮೂಲಕ ಹರಡುವ ಹುಳುಗಳಿವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇದೇ ಮಾತ್ರೆಗಳನ್ನು ಶಾಲೆಗಳಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೊಡುತ್ತಾರೆ. ಆದರೂ ಎಡವಟ್ಟುಗಳಾಗುತ್ತವೆ. ನಾನು ಕಂಡಂತೆ ಅವಕ್ಕೆ ಕಾರಣ ಮೂರು: ಹುಳು ಯಾವುದೆಂದು ತಿಳಿಯದೆ ಔಷಧ ಕೊಡುವುದು, ಕೊಡಬಾರದವರಿಗೆ ಕೊಡುವುದು, ಎರಡನೇ ಡೋಸ್ ಮರೆಯುವುದು. ಮಾತ್ರೆ ನುಂಗುವ ಕೆಲಸವೇ ಇದರಲ್ಲಿ ಅತ್ಯಂತ ಸುಲಭದ್ದು.

ಬೇಕಾದ ಸಾಮಾನು

ದೊಡ್ಡದೇನಿಲ್ಲ. ತೂಕದ ಯಂತ್ರ (ಮಕ್ಕಳಿಗೆ ಕೊಡುವುದಾದರೆ), ಎಂ.ಎಲ್. ಗೆರೆಗಳಿರುವ ಅಳತೆ ಲೋಟ ಅಥವಾ ಸೂಜಿಯಿಲ್ಲದ ಸಿರಿಂಜು, ಎರಡು ಚಮಚ, ಕುಡಿಯುವ ನೀರು. ಜೊತೆಗೆ ನೀವು ಅಥವಾ ಮಗು ಈಗಾಗಲೇ ತೆಗೆದುಕೊಳ್ಳುತ್ತಿರುವ ಔಷಧಗಳ ಪಟ್ಟಿ. ಕೊನೆಯದನ್ನು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ, ಬೇಕಾಗುವುದು ಮಾತ್ರ ಅದೇ.

ಹಂತ 1: ಹುಳು ಯಾವುದು?

"ಜಂತುಹುಳು" ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದು ಒಂದೇ ಪ್ರಾಣಿಯನ್ನಲ್ಲ.

ದುಂಡುಹುಳು: ಎರೆಹುಳುವಿನಂತೆ ಉದ್ದ, ಬಿಳಿ ಅಥವಾ ನಸುಗೆಂಪು. ಹೆಣ್ಣುಹುಳು 20ರಿಂದ 35 ಸೆಂ.ಮೀ. ಬೆಳೆಯುತ್ತದೆ, ದಿನಕ್ಕೆ ಎರಡು ಲಕ್ಷದವರೆಗೆ ಮೊಟ್ಟೆ ಇಡುತ್ತದೆ. ಮಲದಲ್ಲಿ ಕಣ್ಣಿಗೆ ಬಿದ್ದು ಮನೆಯವರನ್ನೆಲ್ಲ ಬೆಚ್ಚಿಬೀಳಿಸುವುದು ಹೆಚ್ಚಾಗಿ ಇದೇ.

ಕೊಕ್ಕೆಹುಳು: ಒಂದು ಸೆಂಟಿಮೀಟರ್ ಆಸುಪಾಸಿನ ಗಾತ್ರ. ಬರಿಗಾಲಿನಲ್ಲಿ ಓಡಾಡುವಾಗ ಮಣ್ಣಿನಲ್ಲಿರುವ ಮರಿಹುಳು ಚರ್ಮ ಕೊರೆದು ಒಳಸೇರುತ್ತದೆ. ಕರುಳಿನ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಕಣ್ಣಿಗೆ ಕಾಣುವುದೇ ಇಲ್ಲ ಎನ್ನಬಹುದು. ಸುಸ್ತು, ಬಿಳಿಚಿಕೊಂಡ ಮುಖ, ರಕ್ತಹೀನತೆಯೇ ಇದರ ಸುಳಿವು.

ಚಾಟಿಹುಳು: ಒಂದು ತುದಿ ಸಣ್ಣ, ಇನ್ನೊಂದು ದಪ್ಪ. ದೊಡ್ಡ ಕರುಳಿನಲ್ಲಿ ವಾಸ. ಔಷಧಕ್ಕೆ ಸುಲಭವಾಗಿ ಬಗ್ಗದ ಹಟಮಾರಿ.

ಸೂಜಿಹುಳು: ಮಲದ್ವಾರದ ಸುತ್ತ ರಾತ್ರಿ ಹೊತ್ತು ವಿಪರೀತ ಕೆರೆತ ತರುವ, ಬಿಳಿ ದಾರದ ತುಂಡಿನಂಥ ಪುಟ್ಟ ಹುಳು. ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ಸಾಮಾನ್ಯ. ನನಗೆ ಬರುವ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇದರದ್ದೇ.

ಲಾಡಿಹುಳು: ಚಪ್ಪಟೆ, ಲಾಡಿಯಂತೆ ಉದ್ದ. ಸರಿಯಾಗಿ ಬೇಯದ ಮಾಂಸ ಅಥವಾ ಮೀನಿನಿಂದ ಬರುವಂಥದ್ದು. ಮಲದಲ್ಲಿ ಅಕ್ಕಿಕಾಳಿನಂಥ, ಕೆಲವೊಮ್ಮೆ ಮಿಸುಕಾಡುವ ತುಂಡುಗಳು ಕಾಣುತ್ತವೆ.

ಯಾವುದೆಂದು ತಿಳಿಯುವುದು ಹೇಗೆ? ಸೂಜಿಹುಳುವಿನ ಅನುಮಾನವಿದ್ದರೆ ಟೇಪ್ ಪರೀಕ್ಷೆ ಸಾಕು. ಮಗು ಬೆಳಿಗ್ಗೆ ಎದ್ದ ಕೂಡಲೇ, ಶೌಚಕ್ಕೆ ಹೋಗುವ ಮೊದಲು, ತೊಳೆಯುವ ಮೊದಲು, ಪಾರದರ್ಶಕ ಅಂಟುಟೇಪಿನ ಅಂಟುಬದಿಯನ್ನು ಮಲದ್ವಾರದ ಸುತ್ತ ಒತ್ತಿ ತೆಗೆಯಿರಿ. ಪ್ರಯೋಗಾಲಯದವರು ಅದನ್ನು ಸೂಕ್ಷ್ಮದರ್ಶಕದಡಿ ನೋಡಿ ಮೊಟ್ಟೆ ಇದೆಯೇ ಹೇಳುತ್ತಾರೆ. ಒಂದು ದಿನ ಸಿಗದಿದ್ದರೆ ಇಲ್ಲ ಎಂದಲ್ಲ. ಸತತ ಮೂರು ಬೆಳಿಗ್ಗೆ ಮಾಡಬೇಕು. ಈ ಹುಳು ಮೊಟ್ಟೆ ಇಡಲು ರಾತ್ರಿ ಹೊರಗೆ ಬರುವುದರಿಂದ ಸಾಮಾನ್ಯ ಮಲ ಪರೀಕ್ಷೆಯಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದಿಲ್ಲ. "ಮಲ ಪರೀಕ್ಷೆ ನಾರ್ಮಲ್ ಬಂತು, ಆದರೂ ಕೆರೆತ ನಿಂತಿಲ್ಲ" ಎನ್ನುವವರಿಗೆ ಉತ್ತರ ಇಲ್ಲಿದೆ.

ಉಳಿದ ಹುಳುಗಳಿಗೆ ಮಲ ಪರೀಕ್ಷೆಯೇ ದಾರಿ. ಅದರಲ್ಲೂ ಒಂದೇ ಮಾದರಿ ಕೊಟ್ಟು ನಿಶ್ಚಿಂತರಾಗಬೇಡಿ. ಬೇರೆ ಬೇರೆ ದಿನದ ಮೂರು ಮಾದರಿ ಕೊಟ್ಟರೆ ತಪ್ಪಿಹೋಗುವ ಸಾಧ್ಯತೆ ಬಹಳ ಕಡಿಮೆ. ಮಲದಲ್ಲಿ ಏನಾದರೂ ಕಂಡರೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ. ಅಸಹ್ಯವೆನಿಸಿದರೂ ವೈದ್ಯರಿಗೆ ನಿಮ್ಮ ವರ್ಣನೆಗಿಂತ ಅದೇ ಹೆಚ್ಚು ಉಪಯೋಗ. ಎಷ್ಟೋ ಸಲ ಹುಳು ಎಂದುಕೊಂಡದ್ದು ಜೀರ್ಣವಾಗದ ತರಕಾರಿಯ ನಾರು ಅಥವಾ ಲೋಳೆಯ ಎಳೆ ಆಗಿರುತ್ತದೆ.

ನಿದ್ದೆಯಲ್ಲಿ ಹಲ್ಲು ಕಡಿಯುವುದು, ಸಿಹಿ ಹೆಚ್ಚು ತಿನ್ನುವುದು ಇವನ್ನೆಲ್ಲ ಹುಳುವಿನ ಲಕ್ಷಣ ಅಥವಾ ಕಾರಣ ಎಂದು ನಂಬಿ ಮಾತ್ರೆ ಕೊಡಬೇಡಿ. ಸಿಹಿಯಿಂದ ಹುಳು ಹುಟ್ಟುವುದಿಲ್ಲ. ಹೊರಗಿನಿಂದ ಮೊಟ್ಟೆಯೋ ಮರಿಯೋ ಒಳಗೆ ಹೋಗಲೇಬೇಕು.

ಹಂತ 2: ಕೊಡಬಾರದವರು ಯಾರು?

ಇದನ್ನು ದಾಟಿಕೊಂಡು ಮುಂದಕ್ಕೆ ಹೋಗಬೇಡಿ. ಕೆಳಗಿನವರಲ್ಲಿ ಯಾರಾದರೂ ನಿಮ್ಮ ಮನೆಯಲ್ಲಿದ್ದರೆ ವೈದ್ಯರನ್ನು ಕೇಳದೆ ಮಾತ್ರೆ ಕೊಡುವಂತಿಲ್ಲ.

ಗರ್ಭಿಣಿಯರು, ಅದರಲ್ಲೂ ಮೊದಲ ಮೂರು ತಿಂಗಳು. ಹುಳುವಿಗೆ ಸಾಮಾನ್ಯವಾಗಿ ಕೊಡುವ ಆಲ್ಬೆಂಡಜೋಲ್, ಮೆಬೆಂಡಜೋಲ್ ಎಂಬ ಮಾತ್ರೆಗಳೆರಡನ್ನೂ ಈ ಅವಧಿಯಲ್ಲಿ ಕೊಡುವುದಿಲ್ಲ. ಮುಟ್ಟು ತಪ್ಪಿದೆ, ಇನ್ನೂ ಪರೀಕ್ಷೆ ಮಾಡಿಸಿಲ್ಲ ಎನ್ನುವವರೂ ಈ ಪಟ್ಟಿಯಲ್ಲೇ. ಮೊದಲು ಗರ್ಭಪರೀಕ್ಷೆ, ಆಮೇಲೆ ಮಾತ್ರೆ.

ಎರಡು ವರ್ಷದೊಳಗಿನ ಮಕ್ಕಳು. ಒಂದರಿಂದ ಎರಡು ವರ್ಷದವರಿಗೂ ಕೊಡುವ ಕ್ರಮವಿದೆ, ಆದರೆ ಆಲ್ಬೆಂಡಜೋಲ್ ಆದರೆ ಪ್ರಮಾಣ ಅರ್ಧ. ಅದನ್ನು ವೈದ್ಯರೇ ನಿರ್ಧರಿಸಲಿ.

ಲಿವರ್ ಕಾಯಿಲೆ ಇರುವವರು. ಆಲ್ಬೆಂಡಜೋಲನ್ನು ದೇಹ ಸಂಸ್ಕರಿಸುವುದು ಯಕೃತ್ತಿನಲ್ಲಿ.

ಫಿಟ್ಸ್, ಅಂದರೆ ಮೂರ್ಛೆ ರೋಗ ಇರುವವರು, ಅಥವಾ ಕಾರಣ ಗೊತ್ತಿಲ್ಲದ ತೀವ್ರ ತಲೆನೋವು ಆಗಾಗ ಬರುವವರು. ಇದರ ಬಗ್ಗೆ ಸ್ವಲ್ಪ ವಿವರ ಬೇಕು. ಹಂದಿಮಾಂಸದ ಲಾಡಿಹುಳುವಿನ ಮೊಟ್ಟೆಗಳು ಹೊಟ್ಟೆ ಸೇರಿದರೆ ಮರಿಗಳು ರಕ್ತದ ಮೂಲಕ ಮಿದುಳಿಗೆ ಹೋಗಿ ಪುಟ್ಟ ಗುಳ್ಳೆಗಳಾಗಿ ಕೂರುತ್ತವೆ. ಮಾಂಸ ಮುಟ್ಟದವರಿಗೂ ಇದು ಬರಬಹುದು, ಏಕೆಂದರೆ ಮೊಟ್ಟೆ ಬರುವುದು ಮಾಂಸದಿಂದಲ್ಲ, ಆ ಹುಳು ಇರುವ ಮನುಷ್ಯನ ಮಲದ ಅಂಶ ಸೇರಿದ ನೀರು, ಆಹಾರ, ಕೈಗಳಿಂದ. ಗುಳ್ಳೆಗಳು ವರ್ಷಗಟ್ಟಲೆ ಸುಮ್ಮನಿರಬಹುದು. ಆಲ್ಬೆಂಡಜೋಲ್ ಅಥವಾ ಲಾಡಿಹುಳುವಿಗೆ ಕೊಡುವ ಪ್ರಾಜಿಕ್ವಾಂಟೆಲ್ ಅವುಗಳ ಮೇಲೆ ಕೆಲಸ ಮಾಡತೊಡಗಿದರೆ ಸುತ್ತಲಿನ ಮಿದುಳು ಊದಿಕೊಂಡು ಫಿಟ್ಸ್ ಬರಬಹುದು. ಹೊಟ್ಟೆಯ ಹುಳುವಿಗೆಂದು ನುಂಗಿದ ಮಾತ್ರೆ ತಲೆಗೆ ತಾಗುವುದು ಹೀಗೆ.

ಬೇರೆ ಔಷಧ ತೆಗೆದುಕೊಳ್ಳುವವರು. ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೊಬಾರ್ಬಿಟಾಲ್ ಎಂಬ ಫಿಟ್ಸ್ ಔಷಧಗಳು ರಕ್ತದಲ್ಲಿ ಆಲ್ಬೆಂಡಜೋಲಿನ ಪ್ರಮಾಣವನ್ನು ತಗ್ಗಿಸುತ್ತವೆ. ಸಿಮೆಟಿಡಿನ್ ಎಂಬ ಆಸಿಡಿಟಿ ಔಷಧ ಹೆಚ್ಚಿಸುತ್ತದೆ. ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಜೊತೆ ಮೆಬೆಂಡಜೋಲ್ ಬೇಡವೇ ಬೇಡ. ಚರ್ಮ ಸುಲಿದುಬರುವ ಗಂಭೀರ ಪ್ರತಿಕ್ರಿಯೆಗಳು ವರದಿಯಾಗಿವೆ.

ಸ್ಟಿರಾಯ್ಡ್ ಶುರುಮಾಡಲಿರುವವರಿಗೆ ಬೇರೆಯದೇ ಎಚ್ಚರಿಕೆ. ಸ್ಟ್ರಾಂಜಿಲಾಯ್ಡಿಸ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಒಬ್ಬರ ದೇಹದಲ್ಲೇ ಸುತ್ತು ಹಾಕುತ್ತಾ ದಶಕಗಟ್ಟಲೆ ಉಳಿಯಬಲ್ಲದು. ಸ್ಟಿರಾಯ್ಡಿನಿಂದ ರೋಗನಿರೋಧಕ ಶಕ್ತಿ ಕುಗ್ಗಿದಾಗ ಅದು ದೇಹವಿಡೀ ಹರಡಿ ಜೀವಕ್ಕೇ ಅಪಾಯ ತರುತ್ತದೆ. ಒಂದು ಆಲ್ಬೆಂಡಜೋಲ್ ಮಾತ್ರೆ ಇದಕ್ಕೆ ಸಾಲದು, ಐವರ್‌ಮೆಕ್ಟಿನ್ ಎಂಬ ಬೇರೆ ಔಷಧ ಬೇಕು.

ಹೊಟ್ಟೆ ಉಬ್ಬಿ ಗಟ್ಟಿಯಾಗಿದೆ, ವಿಪರೀತ ನೋವು, ವಾಂತಿ ನಿಲ್ಲುತ್ತಿಲ್ಲ, ಮಲ ಅಥವಾ ಗಾಳಿ ಹೋಗುತ್ತಿಲ್ಲ ಎಂದರೆ ಮಾತ್ರೆ ಕೈಯಲ್ಲಿ ಹಿಡಿಯಲೂ ಬೇಡಿ. ದುಂಡುಹುಳುಗಳು ಗಂಟುಕಟ್ಟಿಕೊಂಡು ಕರುಳನ್ನು ಮುಚ್ಚಿರಬಹುದು. ನೇರ ಆಸ್ಪತ್ರೆಗೆ.

ಹಂತ 3: ಯಾವ ಹುಳುವಿಗೆ ಯಾವ ಔಷಧ?

ಇಲ್ಲಿ ಕೊಟ್ಟಿರುವ ಪ್ರಮಾಣಗಳು ಎರಡು ವರ್ಷ ಮೀರಿದವರಿಗೆ ರೂಢಿಯಲ್ಲಿರುವಂಥವು. ನಿಮ್ಮ ವೈದ್ಯರು ಬೇರೆ ಬರೆದಿದ್ದರೆ ಅವರದ್ದೇ ಅಂತಿಮ.

ಆಲ್ಬೆಂಡಜೋಲ್ 400 ಮಿ.ಗ್ರಾಂ., ಒಂದೇ ಸಲ. ದುಂಡುಹುಳುವಿಗೆ ಇದು ಹೆಚ್ಚುಕಡಿಮೆ ರಾಮಬಾಣ. ಕೊಕ್ಕೆಹುಳುವಿಗೂ ಚೆನ್ನಾಗಿ ನಡೆಯುತ್ತದೆ. ಚಾಟಿಹುಳುವಿಗೆ ಮಾತ್ರ ಒಂದು ಡೋಸ್ ಸಾಲುವುದಿಲ್ಲ: ಹತ್ತು ಜನರಲ್ಲಿ ಮೂರ್ನಾಲ್ಕು ಮಂದಿ ಪೂರ್ತಿ ಗುಣವಾದರೆ ಹೆಚ್ಚು. ಅದಕ್ಕೆ ವೈದ್ಯರು ಮೂರು ದಿನ ಕೊಡುತ್ತಾರೆ, ಇಲ್ಲವೇ ಬೇರೆ ಔಷಧ ಜೊತೆಗೂಡಿಸುತ್ತಾರೆ.

ಮೆಬೆಂಡಜೋಲ್ 100 ಮಿ.ಗ್ರಾಂ. ದಿನಕ್ಕೆರಡು ಸಲ ಮೂರು ದಿನ, ಅಥವಾ 500 ಮಿ.ಗ್ರಾಂ. ಒಂದೇ ಸಲ. ಕೊಕ್ಕೆಹುಳುವಿಗೆ ಒಂದೇ ಸಲದ ಮೆಬೆಂಡಜೋಲ್ ಅಷ್ಟು ಪರಿಣಾಮಕಾರಿಯಲ್ಲ. ಸೂಜಿಹುಳುವಿಗಾದರೆ 100 ಮಿ.ಗ್ರಾಂ. ಒಂದೇ ಸಲ ಸಾಕು.

ಈ ಎರಡೂ ಒಂದೇ ಕುಟುಂಬದವು. ಹುಳುವಿಗೆ ಗ್ಲೂಕೋಸ್ ದಕ್ಕದಂತೆ ಮಾಡಿ ಅದನ್ನು ಮೆಲ್ಲಗೆ ಉಪವಾಸ ಕೆಡವುತ್ತವೆ. ಹಾಗಾಗಿ ಹುಳು ಸಾಯಲು ಒಂದೆರಡು ದಿನ ಹಿಡಿಯುತ್ತದೆ.

ಪೈರಾಂಟೆಲ್ ಇದಕ್ಕೆ ಭಿನ್ನ: ಹುಳುವಿನ ಸ್ನಾಯುಗಳನ್ನು ಸೆಟೆದುಕೊಳ್ಳುವಂತೆ ಮಾಡಿ ಹಿಡಿತ ತಪ್ಪಿಸುತ್ತದೆ, ಹುಳು ಮಲದೊಂದಿಗೆ ಹೊರಬೀಳುತ್ತದೆ. ತೂಕದ ಲೆಕ್ಕದಲ್ಲಿ ಕೊಡುವಂಥದ್ದು, ಕಿಲೋಗೆ 11 ಮಿ.ಗ್ರಾಂ., ಗರಿಷ್ಠ 1 ಗ್ರಾಂ. ಪೈಪೆರಜಿನ್ ಎಂಬ ಹಳೆಯ ಔಷಧ ಇದಕ್ಕೆ ತದ್ವಿರುದ್ಧವಾಗಿ ಸ್ನಾಯು ಸಡಿಲಿಸುವುದರಿಂದ ಎರಡನ್ನೂ ಒಟ್ಟಿಗೆ ಕೊಟ್ಟರೆ ಒಂದು ಇನ್ನೊಂದರ ಕೆಲಸ ಕೆಡಿಸುತ್ತದೆ.

ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಅಥವಾ ನಿಕ್ಲೊಸಮೈಡ್. ಇವೆರಡನ್ನೂ ವೈದ್ಯರ ಚೀಟಿಯಿಲ್ಲದೆ ತೆಗೆದುಕೊಳ್ಳಬೇಡಿ. ಪ್ರಾಜಿಕ್ವಾಂಟೆಲ್ ವಿಷಯದಲ್ಲಿ ಕಾರಣ ಹಂತ 2ರಲ್ಲಿದೆ.

ಪ್ರಾಣಿಗಳಿಗೆಂದು ಮಾರುವ ಹುಳುವಿನ ಔಷಧ ಬೇಡ. ಹೆಸರು ಒಂದೇ ಇರಬಹುದು, ಆದರೆ ಅದರ ಸಾಂದ್ರತೆ ದೊಡ್ಡ ಪ್ರಾಣಿಯ ತೂಕಕ್ಕೆ ತಕ್ಕಂತೆ ಇರುತ್ತದೆ. ಅಂದಾಜಿನಲ್ಲಿ ಕಡಿಮೆ ಮಾಡಿಕೊಂಡು ಕುಡಿಯುವುದು ಜೂಜು.

ಹಂತ 4: ಸೀಸೆಯ ಮೇಲಿನದ್ದನ್ನು ಓದಿ

ಮಾತ್ರೆಯಲ್ಲಿ ಗೊಂದಲ ಕಡಿಮೆ. ಗಡಿಬಿಡಿಯಾಗುವುದು ದ್ರವ ಔಷಧದಲ್ಲಿ.

ಆಲ್ಬೆಂಡಜೋಲ್ ದ್ರವ ತೆಗೆದುಕೊಳ್ಳಿ. ಒಂದು ಸೀಸೆಯ ಮೇಲೆ "5 ಎಂ.ಎಲ್.ನಲ್ಲಿ 200 ಮಿ.ಗ್ರಾಂ." ಎಂದಿರುತ್ತದೆ. ಹಾಗಿದ್ದರೆ 400 ಮಿ.ಗ್ರಾಂ.ಗೆ 10 ಎಂ.ಎಲ್. ಇನ್ನೊಂದರ ಮೇಲೆ "5 ಎಂ.ಎಲ್.ನಲ್ಲಿ 100 ಮಿ.ಗ್ರಾಂ." ಎಂದಿರಬಹುದು. ಆಗ 20 ಎಂ.ಎಲ್. ಬೇಕು. "ಕಳೆದ ಸಲ ಎರಡು ಚಮಚ ಕೊಟ್ಟಿದ್ದೆ" ಎಂಬ ನೆನಪಿನ ಮೇಲೆ ಹೋದರೆ ಈ ಸಲ ಅರ್ಧ ಡೋಸ್ ಹೋಗಿರುತ್ತದೆ. ಊಟದ ಚಮಚದಿಂದ ಅಳೆಯಬೇಡಿ, ಒಂದೊಂದು ಒಂದೊಂದು ಗಾತ್ರ.

ಪೈರಾಂಟೆಲ್ ಸೀಸೆಯಲ್ಲಿ ಇನ್ನೊಂದು ಬಲೆ ಇದೆ. ಕೆಲವು ಚೀಟಿಗಳ ಮೇಲೆ ಎರಡು ಅಂಕಿ ಇರುತ್ತವೆ: ಒಂದು ಎಂ.ಎಲ್.ನಲ್ಲಿ ಪೈರಾಂಟೆಲ್ ಪಮೊಯೇಟ್ 144 ಮಿ.ಗ್ರಾಂ., ಅದು ಪೈರಾಂಟೆಲ್ ಬೇಸ್ 50 ಮಿ.ಗ್ರಾಂ.ಗೆ ಸಮ. ಪಮೊಯೇಟ್ ಎಂದರೆ ಔಷಧಕ್ಕೆ ಜೋಡಿಸಿರುವ ಲವಣದ ಭಾಗ. ಬೇಸ್ ಎಂದರೆ ಕೆಲಸ ಮಾಡುವ ಮೂಲ ಔಷಧ. ಕಿಲೋಗೆ 11 ಮಿ.ಗ್ರಾಂ. ಎಂಬ ಲೆಕ್ಕ ಬೇಸ್‌ಗೆ ಸಂಬಂಧಿಸಿದ್ದು. 18 ಕಿಲೋ ಮಗುವಿಗೆ 198 ಮಿ.ಗ್ರಾಂ. ಬೇಸ್, ಅಂದರೆ ಸುಮಾರು 4 ಎಂ.ಎಲ್. 144ನ್ನು ಹಿಡಿದು ಲೆಕ್ಕ ಹಾಕಿದರೆ ಒಂದೂವರೆ ಎಂ.ಎಲ್. ಕೂಡ ಬರುವುದಿಲ್ಲ. ಹುಳುವಿಗೆ ಏನೂ ಆಗುವುದಿಲ್ಲ, ಔಷಧ ಕೆಲಸ ಮಾಡಲಿಲ್ಲ ಎಂದು ನೀವು ಬೈದುಕೊಳ್ಳುತ್ತೀರಿ.

ಸೀಸೆಯನ್ನು ಅಳೆಯುವ ಮೊದಲು ಚೆನ್ನಾಗಿ ಕುಲುಕಿ. ಔಷಧ ತಳದಲ್ಲಿ ಕೂತಿರುತ್ತದೆ. ಅವಧಿ ಮುಗಿದ ದಿನಾಂಕವನ್ನೂ ಇದೇ ಹೊತ್ತಿಗೆ ನೋಡಿಬಿಡಿ.

ಹಂತ 5: ನುಂಗುವುದು, ನುಂಗಿಸುವುದು

ಖಾಲಿ ಹೊಟ್ಟೆ ಬೇಕಿಲ್ಲ. ಹಿಂದಿನ ದಿನದ ಉಪವಾಸವೂ ಬೇಡ, ಭೇದಿ ಮಾಡಿಸುವ ಔಷಧವೂ ಬೇಡ. ಆಲ್ಬೆಂಡಜೋಲ್, ಮೆಬೆಂಡಜೋಲ್ ಮಾತ್ರೆಗಳನ್ನು ಊಟದ ಜೊತೆ ತೆಗೆದುಕೊಂಡರೆ ವಾಕರಿಕೆ ಕಡಿಮೆ. ಜಿಡ್ಡಿನ ಊಟದೊಂದಿಗೆ ಆಲ್ಬೆಂಡಜೋಲ್ ರಕ್ತಕ್ಕೆ ಹೆಚ್ಚು ಸೇರುತ್ತದೆ. ಮಿದುಳು, ಯಕೃತ್ತಿನಂಥ ಒಳಭಾಗದ ಸೋಂಕಿಗೆ ಕೊಡುವಾಗ ಹಾಗೆ ಸೇರುವುದು ಬೇಕಾಗುತ್ತದೆ. ಕರುಳಿನ ಹುಳುವಿಗೆ ಔಷಧ ಕರುಳಲ್ಲೇ ಇದ್ದರೆ ಸಾಕು, ಅದಕ್ಕೆಂದು ವಿಶೇಷ ಜಿಡ್ಡು ತಿನ್ನಬೇಕಾಗಿಲ್ಲ.

ಅಗಿಯುವ ಮಾತ್ರೆಯಾದರೆ ಅಗಿದೇ ನುಂಗಿ. ಪ್ರಾಜಿಕ್ವಾಂಟೆಲ್ ಮಾತ್ರ ಅಗಿಯಬೇಡಿ. ಅದರ ಕಹಿ ಎಂಥದ್ದೆಂದರೆ ನುಂಗಿದ್ದೆಲ್ಲ ವಾಪಸ್ ಬರುತ್ತದೆ. ಊಟದ ನಡುವೆ ನೀರಿನೊಂದಿಗೆ ಬೇಗ ನುಂಗಿಬಿಡಿ. ತಲೆಸುತ್ತು ಬರಬಹುದಾದ್ದರಿಂದ ಆ ದಿನ, ಮರುದಿನ ವಾಹನ ಓಡಿಸಬೇಡಿ.

ಈಗ ಚಿಕ್ಕ ಮಕ್ಕಳ ವಿಷಯ. ಈ ಮಾತ್ರೆಗಳಿಂದ ಚಿಕ್ಕ ಮಕ್ಕಳಿಗೆ ಆಗಬಹುದಾದ ದೊಡ್ಡ ಅಪಾಯ ಔಷಧದ ಅಡ್ಡಪರಿಣಾಮವಲ್ಲ, ಮಾತ್ರೆ ಗಂಟಲಲ್ಲಿ ಸಿಕ್ಕಿಕೊಂಡು ಉಸಿರುಗಟ್ಟುವುದು. ಮೂರು ವರ್ಷದೊಳಗಿನವರಿಗೆ ಇಡೀ ಮಾತ್ರೆ ಕೊಡಲೇಬಾರದು. ಪುಡಿಮಾಡುವುದು ಹೀಗೆ: ಒಂದು ಚಮಚದಲ್ಲಿ ಮಾತ್ರೆಯಿಟ್ಟು, ಇನ್ನೊಂದು ಚಮಚದ ಬೆನ್ನನ್ನು ಅದರ ಮೇಲೆ ಕೂರಿಸಿ ಹೆಬ್ಬೆರಳಿನಿಂದ ಒತ್ತಿ. ಮೊದಲು ಎರಡು ಮೂರು ಚೂರಾಗುತ್ತದೆ. ಅಲ್ಲಿಗೇ ನಿಲ್ಲಿಸಬೇಡಿ, ಮೇಲಿನ ಚಮಚವನ್ನು ಅತ್ತಿತ್ತ ತಿರುವಿ ಅರೆದರೆ ಹಿಟ್ಟಾಗುತ್ತದೆ. ಸ್ವಲ್ಪ ನೀರು ಹನಿಸಿ, ತೆಳ್ಳಗೆ ಕಲಸಿ, ಬೆರಳಲ್ಲಿ ಮುಟ್ಟಿ ನೋಡಿ, ಗಟ್ಟಿ ಚೂರು ಸಿಕ್ಕರೆ ಮತ್ತೆ ಅರೆಯಿರಿ. ಮಗುವನ್ನು ನೇರವಾಗಿ ಕೂರಿಸಿ, ಸ್ವಲ್ಪ ಸ್ವಲ್ಪವೇ ಕೊಡಿ.

ಮಗು ಅಳುತ್ತಿದ್ದರೆ, ನಗುತ್ತಿದ್ದರೆ, ಓಡುತ್ತಿದ್ದರೆ ಕೊಡಬೇಡಿ. ಮೂಗು ಒತ್ತಿ ಹಿಡಿದು, ತಲೆ ಹಿಂದಕ್ಕೆ ಬಾಗಿಸಿ ಸುರಿಯುವ ಅಭ್ಯಾಸವಿದ್ದರೆ ಇವತ್ತೇ ಬಿಟ್ಟುಬಿಡಿ. ಇವತ್ತು ಹಟ ಮಾಡಿತೇ? ನಾಳೆ ಕೊಡಿ. ತಿಂಗಳುಗಟ್ಟಲೆ ಇದ್ದ ಹುಳು ಒಂದು ದಿನ ಹೆಚ್ಚು ಇದ್ದರೆ ಆಕಾಶ ಕಳಚಿ ಬೀಳುವುದಿಲ್ಲ.

ಹಂತ 6: ಮುಂದಿನ ಒಂದೆರಡು ದಿನ

ಹೊಟ್ಟೆ ನುಲಿಯುವುದು, ವಾಕರಿಕೆ, ತಲೆನೋವು, ಒಂದೆರಡು ಸಲ ತೆಳ್ಳಗೆ ಭೇದಿ: ಇವು ಸಾಮಾನ್ಯ, ಹೆಚ್ಚಾಗಿ ದಿನದೊಳಗೆ ತಾವಾಗಿಯೇ ಇಳಿಯುತ್ತವೆ. ಹುಳು ಹೆಚ್ಚಿದ್ದಷ್ಟೂ ಹೊಟ್ಟೆಯ ಗಲಾಟೆ ಹೆಚ್ಚು. ಮೈಮೇಲೆ ದದ್ದು, ತುಟಿ ಅಥವಾ ಮುಖ ಊದುವುದು, ಉಸಿರಾಟಕ್ಕೆ ತೊಂದರೆ ಕಂಡರೆ ಅದು ಅಲರ್ಜಿ. ಕಾಯಬೇಡಿ, ತುರ್ತು ಚಿಕಿತ್ಸೆಗೆ ಹೋಗಿ. ಫಿಟ್ಸ್ ಬಂದರೂ, ತೀವ್ರ ತಲೆನೋವಿನ ಜೊತೆ ವಾಂತಿಯಾದರೂ ಹಾಗೆಯೇ.

ನುಂಗಿದ ಸ್ವಲ್ಪ ಹೊತ್ತಿಗೇ ವಾಂತಿಯಾದರೆ ತಕ್ಷಣ ಇನ್ನೊಂದು ಮಾತ್ರೆ ಕೊಡಬೇಡಿ. ಎಷ್ಟು ಹೊತ್ತಾಗಿತ್ತು, ವಾಂತಿಯಲ್ಲಿ ಔಷಧ ಕಂಡಿತೇ ಎಂದು ನೋಡಿಕೊಂಡು ವೈದ್ಯರನ್ನೋ ಫಾರ್ಮಸಿಸ್ಟರನ್ನೋ ಕೇಳಿ.

"ಹುಳು ಬೀಳಲೇ ಇಲ್ಲವಲ್ಲ" ಎಂದು ನಿರಾಶರಾಗಬೇಡಿ. ಹೆಚ್ಚಿನವು ಮಲದಲ್ಲಿ ಸುಲಭವಾಗಿ ಕಣ್ಣಿಗೆ ಬೀಳದಷ್ಟು ಸಣ್ಣವು, ಇಲ್ಲವೇ ಕರುಳಲ್ಲೇ ಕರಗಿಹೋಗುತ್ತವೆ. ದುಂಡುಹುಳು ಮಾತ್ರ ಇಡಿಯಾಗಿ ಬೀಳಬಹುದು, ಅದೂ ಮಾರನೆಯ ದಿನವೇ ಎಂದೇನಿಲ್ಲ. ಬಿದ್ದಿಲ್ಲವೆಂದು ಇನ್ನೊಂದು, ಮತ್ತೊಂದು ಎಂದು ಮಾತ್ರೆ ನುಂಗುತ್ತಾ ಹೋಗುವುದು ತಪ್ಪು. ದಿನಗಟ್ಟಲೆ ತೆಗೆದುಕೊಂಡರೆ ಲಿವರ್‌ಗೂ ರಕ್ತಕಣಗಳಿಗೂ ಪೆಟ್ಟು ಬೀಳಬಹುದು. ಅದಕ್ಕೇ ದೀರ್ಘ ಚಿಕಿತ್ಸೆಯಲ್ಲಿ ವೈದ್ಯರು ಆಗಾಗ ರಕ್ತಪರೀಕ್ಷೆ ಮಾಡಿಸುತ್ತಾರೆ.

ಹಂತ 7: ಎರಡನೇ ಡೋಸ್

ಔಷಧ ಬೆಳೆದ ಸೂಜಿಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಸರಿಯಾಗಿ ಕೊಲ್ಲುವುದಿಲ್ಲ. ಮೊಟ್ಟೆಗಳು ಹಾಸಿಗೆ, ಆಟಿಕೆ, ಉಗುರಿನ ಸಂದಿಯಲ್ಲಿ ಎರಡು ಮೂರು ವಾರ ಬದುಕಿರುತ್ತವೆ. ಅದಕ್ಕೇ ಎರಡು ವಾರದ ನಂತರ ಅದೇ ಡೋಸ್ ಮತ್ತೊಮ್ಮೆ. ಮೊದಲ ಡೋಸ್ ಕೊಟ್ಟ ದಿನವೇ ಎರಡನೆಯದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಷ್ಟೇ ಅಲ್ಲ, ಕೊಡಬಾರದವರನ್ನು ಬಿಟ್ಟು ಮನೆಯ ಉಳಿದವರೆಲ್ಲ ಒಂದೇ ದಿನ ತೆಗೆದುಕೊಳ್ಳಬೇಕು. ಒಬ್ಬರಿಗೆ ಕೊಟ್ಟು ಮೂವರನ್ನು ಬಿಟ್ಟರೆ ಹುಳು ಮನೆಯೊಳಗೇ ಸುತ್ತುತ್ತಿರುತ್ತದೆ.

ಉಳಿದ ಹುಳುಗಳಿಗೆ ಮತ್ತೊಂದು ಡೋಸ್ ಬೇಕೇ ಎನ್ನುವುದನ್ನು ಊಹೆಯಿಂದಲ್ಲ, ಎರಡು ಮೂರು ವಾರದ ನಂತರದ ಮಲ ಪರೀಕ್ಷೆಯಿಂದ ತೀರ್ಮಾನಿಸಿ. ಲಾಡಿಹುಳುವಿಗಾದರೆ ಮೂರು ತಿಂಗಳ ಆಸುಪಾಸಿನಲ್ಲಿ ಮತ್ತೆ ನೋಡಬೇಕು. ತಲೆಯೊಂದು ಕರುಳಿಗೆ ಅಂಟಿಕೊಂಡೇ ಉಳಿದಿದ್ದರೆ ಆ ಹೊತ್ತಿಗೆ ಅದು ಪೂರ್ತಿ ಬೆಳೆದುಕೊಂಡಿರುತ್ತದೆ. ಕೊಕ್ಕೆಹುಳು ಇದ್ದವರು ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮಾಡಿಸಿ. ಹುಳು ಹೋದರೂ ಅದು ಕುಡಿದ ರಕ್ತ ತಾನಾಗಿ ತುಂಬಿಕೊಳ್ಳುವುದಿಲ್ಲ, ಕಬ್ಬಿಣಾಂಶದ ಮಾತ್ರೆ ಬೇಕಾಗಬಹುದು.

ಹಂತ 8: ಮನೆ, ಕೈ, ಉಗುರು

ಸೂಜಿಹುಳು ಇದ್ದರೆ ಡೋಸ್ ಕೊಟ್ಟ ಮರುದಿನ ಬೆಳಿಗ್ಗೆಯೇ ಸ್ನಾನ ಮಾಡಿಸಿ. ರಾತ್ರಿ ಇಟ್ಟ ಮೊಟ್ಟೆಗಳು ತೊಳೆದುಹೋಗುತ್ತವೆ. ಒಳಉಡುಪು, ಹಾಸಿಗೆ ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯಿರಿ. ಒಗೆಯುವ ಮೊದಲು ಅವನ್ನು ಝಾಡಿಸಬೇಡಿ, ಮೊಟ್ಟೆಗಳು ಹಾರಿ ಕೋಣೆಯ ತುಂಬ ಹರಡುತ್ತವೆ. ಮಡಚಿ, ಸುತ್ತಿ, ನೇರ ಬಕೆಟ್ಟಿಗೆ. ಉಗುರು ಗಿಡ್ಡಗಿರಲಿ. ಎರಡನೇ ಡೋಸ್ ಮುಗಿಯುವವರೆಗೂ ಇದು ನಡೆಯಲಿ.

ದುಂಡುಹುಳು, ಚಾಟಿಹುಳುಗಳ ಮೊಟ್ಟೆ ಮಣ್ಣಿನಲ್ಲಿ ಕೆಲವು ವಾರ ಕಳೆದ ಮೇಲಷ್ಟೇ ಸೋಂಕು ತರಬಲ್ಲದು, ಹಾಗಾಗಿ ಅವು ಸೂಜಿಹುಳುವಿನಂತೆ ಒಬ್ಬರಿಂದ ಒಬ್ಬರಿಗೆ ನೇರ ದಾಟುವುದಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಶೌಚಾಲಯದ ಬಳಕೆ, ಮಣ್ಣು ಮುಟ್ಟಿದ ಕೈ ತೊಳೆಯುವುದು, ಹಸಿಯಾಗಿ ತಿನ್ನುವುದನ್ನು ತೊಳೆಯುವುದು. ಕೊಕ್ಕೆಹುಳುವಿಗೆ ಚಪ್ಪಲಿ.

ಎರಡು ಡೋಸ್ ಸರಿಯಾಗಿ ಕೊಟ್ಟು, ಮನೆಯವರೆಲ್ಲ ತೆಗೆದುಕೊಂಡು, ಬಟ್ಟೆ ಒಗೆದ ಮೇಲೂ ಕೆರೆತ ಮರಳಿದರೆ ಮೂರನೇ ಡೋಸ್ ನೀವೇ ಕೊಡಬೇಡಿ. ಮತ್ತೆ ಮೂರು ಬೆಳಿಗ್ಗೆ ಟೇಪ್ ಪರೀಕ್ಷೆ ಮಾಡಿ, ಯಾವ ದಿನ ಯಾವ ಔಷಧ ಎಷ್ಟು ಕೊಟ್ಟಿರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ವೈದ್ಯರ ಬಳಿ ಹೋಗಿ. ಎಷ್ಟೋ ಸಲ ಹುಳು ಇರುವುದೇ ಇಲ್ಲ; ಚರ್ಮದ ಅಲರ್ಜಿಗೋ ಫಂಗಸ್‌ಗೋ ಮುಲಾಮು ಬರೆದುಕೊಡುತ್ತಾರೆ.